ಅಣ್ಣನೋ ತಂಗಿಯೋ ಆತ್ಮಹತ್ಯೆಯಿಂದ ಹೋದಾಗ: ಜೊತೆಗೆ ಹುಟ್ಟಿದವರ ದುಃಖ

ಸಾವಿನ ಮನೆಗೆ ಬಂದವರು ಉಳಿದಿರುವ ಮಗನನ್ನೋ ಮಗಳನ್ನೋ ಪಕ್ಕಕ್ಕೆ ಕರೆದು ಕೇಳುವ ಮೊದಲ ಮಾತು, "ಅಮ್ಮ ಏನಾದ್ರೂ ತಿಂದ್ರಾ?" ಎರಡನೆಯದು, "ಅಪ್ಪನ್ನ ನೋಡ್ಕೋಪ್ಪಾ, ಇನ್ಮೇಲೆ ಅವರಿಗೆ ನೀನೇ ಎಲ್ಲ." ಕೇಳುವವರದು ಒಳ್ಳೆಯ ಮನಸ್ಸೇ. ಆದರೆ ಆ ಮಾತು ಕೇಳಿಸಿಕೊಂಡು ನಿಂತವರು ಹೋದವರ ಜೊತೆ ಒಂದೇ ಕಂಬಳಿ ಎಳೆದಾಡಿ ಬೆಳೆದವರು. ಅವರು ತಿಂದರೋ ಇಲ್ಲವೋ ಎಂದು ಕೇಳಲು ಆ ದಿನ ಯಾರಿಗೂ ನೆನಪಾಗುವುದಿಲ್ಲ.

ಈ ಲೇಖನ ಅವರಿಗಾಗಿ. ಅಣ್ಣ, ತಮ್ಮ, ಅಕ್ಕ, ತಂಗಿಯನ್ನು ಆತ್ಮಹತ್ಯೆಯಿಂದ ಕಳೆದುಕೊಂಡವರ ಮನಸ್ಸು ಮತ್ತು ಮೈಯಲ್ಲಿ ಏನೇನು ನಡೆಯುತ್ತದೆ, ಯಾಕೆ ನಡೆಯುತ್ತದೆ, ಏನು ಮಾಡಬಹುದು ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದೆ. ಓದುತ್ತಿರುವ ಈ ಹೊತ್ತಿಗೇ ನಿಮಗೂ ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಮುಂದಕ್ಕೆ ಓದಬೇಡಿ. ಮನೆಯಲ್ಲಿ ಒಬ್ಬರಿಗೆ ಹೇಳಿ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಲೇಖನ ಆಮೇಲೂ ಓದಬಹುದು.

ಮಾನ್ಯತೆ ಸಿಗದ ದುಃಖ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಕರ್ನಾಟಕದಲ್ಲೇ 13,606. ಅವರಲ್ಲಿ ಎಷ್ಟು ಜನರಿಗೆ ಒಡಹುಟ್ಟಿದವರಿದ್ದರು ಎಂದು ಯಾರೂ ಎಣಿಸಿಲ್ಲ. ದಾಖಲೆಯಲ್ಲಿ ವಯಸ್ಸು, ಕೆಲಸ, ಮದುವೆ ಆಗಿತ್ತೋ ಇಲ್ಲವೋ ಎಂಬುದು ಇರುತ್ತದೆ. ಹಿಂದೆ ಉಳಿದವರಿಗೆ ಅಂಕಣವಿಲ್ಲ.

ಸಮಾಜ ಜಾಗ ಕೊಡದ ಇಂಥ ದುಃಖಕ್ಕೆ ಅಮೆರಿಕದ ಪ್ರಾಧ್ಯಾಪಕ ಕೆನೆತ್ ಡೋಕಾ 1989ರಲ್ಲಿ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು 'ಮಾನ್ಯತೆ ಸಿಗದ ದುಃಖ' ಎನ್ನಬಹುದು. ಒಡಹುಟ್ಟಿದವರ ವಿಷಯದಲ್ಲಿ ಅದು ಎರಡು ಪಟ್ಟು. ಸಂತಾಪವೆಲ್ಲ ಅಪ್ಪ ಅಮ್ಮನಿಗೋ, ಹೆಂಡತಿ ಮಕ್ಕಳಿಗೋ ಹೋಗುವುದು ಒಂದು. ಸಾವು ಹೇಗಾಯಿತೆಂದು ಬಾಯಿಬಿಟ್ಟು ಹೇಳಲಾಗದೆ, "ಹಾರ್ಟ್ ಅಟ್ಯಾಕ್" ಎಂದು ಹೇಳಿ ಸುಮ್ಮನಾಗಬೇಕಾಗುವುದು ಇನ್ನೊಂದು.

'ಆತ್ಮಹತ್ಯೆ ಮಾಡಿಕೊಂಡ' ಎನ್ನುವಾಗ ತಪ್ಪು ಮಾಡಿದ ಧ್ವನಿ ಬರುತ್ತದೆ. 'ಆತ್ಮಹತ್ಯೆಯಿಂದ ತೀರಿಕೊಂಡ' ಎಂದರೆ ಸಾವಿನ ಕಾರಣ ಮಾತ್ರ ತಿಳಿಯುತ್ತದೆ. ಕಾನೂನೂ ಬದಲಾಗಿದೆ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು ಎನ್ನುತ್ತದೆ. ಸತ್ತವರು ಅಪರಾಧಿಯೆಂದೋ ಮನೆಯವರೆಲ್ಲ ಕಳಂಕ ಹೊತ್ತವರೆಂದೋ ಯಾರಾದರೂ ಅಂದರೆ, ಕಾನೂನು ಹಾಗೆ ಹೇಳುವುದಿಲ್ಲ.

ಮೊದಲ ಎರಡು ದಿನ: ಠಾಣೆ, ಶವಾಗಾರ, ಕಾಗದ

ಮನೆಯಲ್ಲಿ ಓಡಾಡುವ ಕೆಲಸ ಸಾಮಾನ್ಯವಾಗಿ ಉಳಿದ ಮಗನ ಅಥವಾ ಮಗಳ ಹೆಗಲಿಗೇ ಬೀಳುತ್ತದೆ. ಏನೇನು ನಡೆಯುತ್ತದೆಂದು ಮೊದಲೇ ತಿಳಿದಿದ್ದರೆ ಹೆದರಿಕೆ ಸ್ವಲ್ಪ ಕಡಿಮೆಯಾಗುತ್ತದೆ.

ಪೊಲೀಸರು ಬರುವುದು ಯಾರ ಮೇಲೋ ಅನುಮಾನ ಬಂದಿದೆ ಎಂದಲ್ಲ. ಪ್ರತಿಯೊಂದು ಅಸಹಜ ಸಾವಿಗೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ವಿಚಾರಣೆ ಆಗಲೇಬೇಕು. ಠಾಣೆಯಲ್ಲಿ ಯುಡಿಆರ್ ದಾಖಲಾಗುತ್ತದೆ. ಅಂದರೆ ಅಸಹಜ ಸಾವಿನ ವರದಿ. ಅದರ ನಂಬರ್ ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲ ಕಡೆ ಕೇಳುತ್ತಾರೆ. ಆಮೇಲೆ ಪಂಚರ ಎದುರು ಶವ ಪಂಚನಾಮೆ, ಮನೆಯವರ ಹೇಳಿಕೆ, ಮರಣೋತ್ತರ ಪರೀಕ್ಷೆ. ಮದುವೆಯಾಗಿ 7 ವರ್ಷದೊಳಗಿನ ಹೆಣ್ಣುಮಗಳಾದರೆ ತಹಶೀಲ್ದಾರ್ ಮಟ್ಟದ ಅಧಿಕಾರಿಯೇ ಬಂದು ವಿಚಾರಣೆ ಮಾಡುತ್ತಾರೆ. ತಡವಾಯಿತೆಂದು ಆಸ್ಪತ್ರೆಯಲ್ಲಿ ಜಗಳವಾಗುವುದುಂಟು. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾತ್ರಿಯೂ ಮರಣೋತ್ತರ ಪರೀಕ್ಷೆ ಮಾಡಬಹುದೆಂದು ಹೇಳಿತು, ಆದರೆ ಆತ್ಮಹತ್ಯೆ, ಕೊಲೆಯಂಥವನ್ನು ಸಾಮಾನ್ಯವಾಗಿ ಅದರಿಂದ ಹೊರಗಿಟ್ಟಿತು. ಹಾಗಾಗಿ ಸಂಜೆ ಗೊತ್ತಾದ ಸಾವಿನಲ್ಲಿ ದೇಹ ಕೈಗೆ ಸಿಗುವುದು ಮಾರನೆಯ ದಿನ.

ಹೇಳಿಕೆ ಕೊಡುವಾಗ ಗೊತ್ತಿದ್ದಷ್ಟನ್ನೇ ಹೇಳಿ. ಯಾಕೆ ಹೀಗಾಯಿತೆಂದು ಊಹಿಸಿ ಹೇಳುವ ಅಗತ್ಯವಿಲ್ಲ. "ಗೊತ್ತಿಲ್ಲ" ಎಂಬುದೂ ಉತ್ತರವೇ. ಬರೆದದ್ದನ್ನು ಓದಿಸಿಕೊಂಡೇ ಸಹಿ ಹಾಕಿ. ಫೋನ್, ಬರೆದಿಟ್ಟ ಚೀಟಿ ಪೊಲೀಸರ ವಶಕ್ಕೆ ಹೋಗುತ್ತವೆ. ಚೀಟಿಯ ಜೆರಾಕ್ಸ್ ಪ್ರತಿ ಕೇಳಿ, ವಸ್ತುಗಳಿಗೆ ರಸೀದಿ ಕೇಳಿ. ನಿಮ್ಮ ಫೋನಿನಲ್ಲಿರುವ ಅವರ ಮೆಸೇಜು, ಧ್ವನಿಯ ತುಣುಕು ಯಾವುದನ್ನೂ ಅಳಿಸಬೇಡಿ. ಇವತ್ತು ನೋಡಲಾಗದ್ದು ಎರಡು ವರ್ಷದ ಮೇಲೆ ಬೇಕೆನಿಸಬಹುದು, ಅಳಿಸಿದ್ದು ಮತ್ತೆ ಬರುವುದಿಲ್ಲ.

ದೇಹ ನೋಡಬೇಕೋ ಬೇಡವೋ ಎಂಬುದು ಪ್ರತಿಯೊಬ್ಬರ ಸ್ವಂತ ತೀರ್ಮಾನ. ನಂಬಿಕೆಯ ಒಬ್ಬರು ಮೊದಲು ಒಳಗೆ ಹೋಗಿ ನೋಡಿ ಬಂದು ಹೇಗಿದೆಯೆಂದು ಹೇಳಲಿ, ಆಮೇಲೆ ನೀವು ತೀರ್ಮಾನಿಸಿ. ಮುಖ ಬೇಡವೆನಿಸಿದರೆ ಕೈ ಹಿಡಿದು ಬರಬಹುದು. ನೋಡದೆ ಇದ್ದವರನ್ನು ಪ್ರೀತಿ ಇಲ್ಲದವರೆಂದು ಯಾರೂ ಅನ್ನಬಾರದು.

ಮರಣದ ನೋಂದಣಿ 21 ದಿನದೊಳಗೆ ಆಗಬೇಕು. ಇನ್ಶೂರೆನ್ಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ: ಆತ್ಮಹತ್ಯೆಯಾದರೆ ಜೀವವಿಮೆ ಹಣ ಬರುವುದೇ ಇಲ್ಲ ಎನ್ನುತ್ತಾರೆ. ಪಾಲಿಸಿ ಶುರುವಾಗಿ 12 ತಿಂಗಳು ಕಳೆದಿದ್ದರೆ ಸಾಮಾನ್ಯವಾಗಿ ಪೂರ್ತಿ ವಿಮಾ ಮೊತ್ತ ಬರುತ್ತದೆ. ಅದಕ್ಕೆ ಮೊದಲಾದರೆ ಕಟ್ಟಿದ ಕಂತಿನ ಬಹುಪಾಲು ವಾಪಸ್ ಬರುತ್ತದೆ. ಅಪಘಾತ ವಿಮೆ ಮಾತ್ರ ಇದಕ್ಕೆ ಅನ್ವಯಿಸುವುದಿಲ್ಲ.

"ನನಗೆ ಗೊತ್ತಾಗಬೇಕಿತ್ತು"

ಒಡಹುಟ್ಟಿದವರನ್ನು ಎಲ್ಲಕ್ಕಿಂತ ಹೆಚ್ಚು ದಿನ ಕಾಡುವುದು ಇದು. ಅಪ್ಪ ಅಮ್ಮನಿಗೆ ಗೊತ್ತಿಲ್ಲದ ಗುಟ್ಟುಗಳೆಲ್ಲ ತಂಗಿಗೆ ಗೊತ್ತಿರುತ್ತವೆ. ಸಾಲ, ಪ್ರೀತಿ, ಫೇಲಾದ ಸಬ್ಜೆಕ್ಟು, ಕುಡಿತ. ಹಾಗಾಗಿ "ಗೊತ್ತಿದ್ದೂ ಸುಮ್ಮನಿದ್ದೆ" ಎಂಬ ಮುಳ್ಳು ಅವಳಿಗೇ ಆಳವಾಗಿ ಚುಚ್ಚುತ್ತದೆ.

ಮನಸ್ಸು ಇಲ್ಲಿ ಏನು ಮಾಡುತ್ತದೆ ಎಂಬುದನ್ನು ಚುಕ್ಕಿ ರಂಗೋಲಿಯಿಂದ ತಿಳಿಯಬಹುದು. ಬರೀ ಚುಕ್ಕಿ ಇಟ್ಟಾಗ ಅಂಗಳದಲ್ಲಿ ಕಾಣುವುದು ಬಿಳಿ ಬಿಂದುಗಳಷ್ಟೇ. ಗೆರೆ ಎಳೆದ ಮೇಲೆ ನವಿಲು ಕಾಣುತ್ತದೆ. ಒಮ್ಮೆ ನವಿಲು ಕಂಡ ಕಣ್ಣಿಗೆ ಅದೇ ಚುಕ್ಕಿಗಳು ಮತ್ತೆ ಬರೀ ಚುಕ್ಕಿಗಳಾಗಿ ಕಾಣುವುದೇ ಇಲ್ಲ. ಸಾವು ಎಂಬುದು ಆ ಗೆರೆ. ಅಣ್ಣ ಫೋನ್ ಎತ್ತದೆ ಇದ್ದದ್ದು, ಊಟ ಕಮ್ಮಿ ಮಾಡಿದ್ದು, "ನಂಗೆ ಸಾಕಾಗಿದೆ ಕಣೆ" ಅಂದದ್ದು ಆವತ್ತು ಬಿಡಿ ಚುಕ್ಕಿಗಳು. ಅಂಥ ನೂರು ಚುಕ್ಕಿಗಳು ಪ್ರತಿ ಮನೆಯಲ್ಲೂ ಇರುತ್ತವೆ, ಬಹುತೇಕ ಯಾವುದೂ ಸಾವಿನಲ್ಲಿ ಮುಗಿಯುವುದಿಲ್ಲ. ಗೆರೆ ಬಿದ್ದ ಮೇಲೆ ಇದೆಲ್ಲ ಮೊದಲೇ ಕಾಣುತ್ತಿತ್ತಲ್ಲ ಎನಿಸುತ್ತದೆ. ಅದು ಮನಸ್ಸು ಹಿಂದಕ್ಕೆ ನೋಡುವಾಗ ಮಾಡುವ ತಪ್ಪು, ಎಲ್ಲರ ಮನಸ್ಸೂ ಮಾಡುತ್ತದೆ.

ಇದಕ್ಕೆ ಒಂದು ಕೆಲಸವಿದೆ. ಪುಸ್ತಕದ ಒಂದು ಹಾಳೆಯನ್ನು ನಡುವೆ ಗೆರೆ ಹಾಕಿ ಎರಡು ಮಾಡಿ. ಎಡಕ್ಕೆ 'ಆಗ ನನಗೆ ಗೊತ್ತಿದ್ದದ್ದು', ಬಲಕ್ಕೆ 'ಆಮೇಲೆ ಗೊತ್ತಾದದ್ದು'. ಪ್ರತಿಯೊಂದಕ್ಕೂ ಯಾವ ದಿನ ಗೊತ್ತಾಯಿತೆಂದು ಬರೆಯಿರಿ. "ಎರಡು ಲಕ್ಷ ಸಾಲ ಇತ್ತು" ಎಂಬುದು ಬಲಗಡೆ ಹೋಗುತ್ತದೆ, ಗೊತ್ತಾದದ್ದು ಹನ್ನೊಂದನೇ ದಿನ. "ನಿದ್ದೆ ಬರ್ತಿಲ್ಲ ಅಂದಿದ್ದ" ಎಂಬುದು ಎಡಗಡೆ. ಹೀಗೆ ಬರೆಯುತ್ತಾ ಹೋದರೆ ನಿಮ್ಮ ಮೇಲೆ ನೀವೇ ಹೊರಿಸಿಕೊಂಡ ಆರೋಪದಲ್ಲಿ ಬಹಳಷ್ಟು ಬಲಗಡೆಯದು ಎಂದು ಕಣ್ಣಿಗೇ ಕಾಣುತ್ತದೆ.

ಎರಡನೆಯದು ರೊಟ್ಟಿ ಹಂಚುವ ಲೆಕ್ಕ. ಒಂದು ದುಂಡನೆ ರೊಟ್ಟಿ ಬರೆದು, ಸಾವಿಗೆ ಕಾರಣವಾಗಿರಬಹುದಾದ ಎಲ್ಲಕ್ಕೂ ಪಾಲು ಹಾಕಿ: ಖಿನ್ನತೆ, ಕುಡಿತ, ಸಾಲ, ನಿದ್ದೆಗೇಡು, ಸಿಗದ ಚಿಕಿತ್ಸೆ, ಆ ಕ್ಷಣದ ಆವೇಗ, ಅವರು ಮುಚ್ಚಿಟ್ಟದ್ದು. ನಿಮ್ಮ ಪಾಲನ್ನು ಕಟ್ಟಕಡೆಗೆ ಹಾಕಿ. ಮೊದಲೇ ಹಾಕಿದರೆ ನೀವು ಇಡೀ ರೊಟ್ಟಿಯನ್ನೇ ತೆಗೆದುಕೊಂಡುಬಿಡುತ್ತೀರಿ. ಇದನ್ನು ಒಬ್ಬರೇ ಮಾಡುವುದಕ್ಕಿಂತ ಆಪ್ತ ಸಮಾಲೋಚಕರ ಜೊತೆ ಅಥವಾ ನಿಮ್ಮನ್ನು ಬೈಯದ ಒಬ್ಬ ಗೆಳೆಯರ ಜೊತೆ ಕೂತು ಮಾಡುವುದು ಒಳ್ಳೆಯದು. ಪಾಲು ಸೊನ್ನೆಯೇ ಆಗಬೇಕೆಂದಿಲ್ಲ. ಜಗಳ ಆಡಿದ್ದು ನಿಜವಿರಬಹುದು. ಅಣ್ಣತಮ್ಮಂದಿರ ಜಗಳ ಊರಲ್ಲೆಲ್ಲ ಇದೆ, ಅದಕ್ಕೆ ಸಿಗಬೇಕಾದ ಪಾಲು ಎಷ್ಟೋ ಅಷ್ಟೇ ಸಿಗಲಿ.

"ಹಿಂದಿನ ದಿನ ಮದುವೇಲಿ ನಗ್ತಾ ಇದ್ದಳು", "ಮುಂದಿನ ವಾರಕ್ಕೆ ಬಸ್ ಟಿಕೆಟ್ ಮಾಡಿಸಿದ್ದ" ಎಂಬ ಗೊಂದಲವೂ ಬರುತ್ತದೆ. ಬದುಕುವ ಆಸೆ, ಸಾಯುವ ಆಸೆ ಎರಡೂ ಒಂದೇ ಮನಸ್ಸಿನಲ್ಲಿ ಒಟ್ಟಿಗೆ ಇರುತ್ತವೆ. ನಗು ನಾಟಕವಾಗಿರಲಿಲ್ಲ, ಟಿಕೆಟ್ ಸುಳ್ಳಾಗಿರಲಿಲ್ಲ. ಆತ್ಮಹತ್ಯೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಎಡ್ವಿನ್ ಶ್ನೈಡ್‌ಮನ್ ಎತ್ತಿ ತೋರಿಸಿದ್ದು ದೃಷ್ಟಿ ಕಿರಿದಾಗುವುದನ್ನು: ತಡೆಯಲಾರದ ನೋವಿನಲ್ಲಿ ಮನಸ್ಸಿಗೆ ದಾರಿಗಳು ಒಂದೊಂದಾಗಿ ಮುಚ್ಚಿಕೊಂಡು ಒಂದೇ ಬಾಗಿಲು ಕಾಣುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಮುಖವೂ ಅವರಿಗೆ ಕಾಣದೆ ಹೋಗಿರಬಹುದು. ಅದು ನಿಮ್ಮ ಮೇಲೆ ಪ್ರೀತಿ ಇರಲಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಬರೆದಿಟ್ಟ ಚೀಟಿಯಲ್ಲಿ ಪೂರ್ತಿ ಉತ್ತರ ಸಿಗದೆ ಇರುವುದೂ ಇದಕ್ಕೇ. ಅದನ್ನು ಬರೆದದ್ದು ಆ ಕಿರಿದಾದ ಮನಸ್ಸು.

ಸಿಟ್ಟು, ನಿರಾಳ

ಹೋದವರ ಮೇಲೆ ಸಿಟ್ಟು ಬರುತ್ತದೆ. ಕೆಲವೊಮ್ಮೆ ನಿರಾಳವೂ ಆಗುತ್ತದೆ. ವರ್ಷಗಟ್ಟಲೆ ಕಾಯಿಲೆ, ಕುಡಿತ, ಮತ್ತೆ ಮತ್ತೆ ಯತ್ನ ಇದ್ದ ಮನೆಯಲ್ಲಿ, ಇನ್ನು ರಾತ್ರಿ ಫೋನ್ ಹೊಡೆದುಕೊಂಡರೆ ಎದೆ ಧಸಕ್ ಎನ್ನುವುದಿಲ್ಲವಲ್ಲ ಎಂಬ ಭಾವ ಬಂದು, ಮರುಕ್ಷಣ ನಾಚಿಕೆಯಾಗುತ್ತದೆ. ನಿಮಗೆ ಬೇಡವಾಗಿದ್ದದ್ದು ಆ ಭಯ. ಅವರ ಮೇಲಿನ ಪ್ರೀತಿಗೂ ಇದಕ್ಕೂ ವಿರೋಧವಿಲ್ಲ. ಈ ಮಾತನ್ನು ಸಂಬಂಧಿಕರ ಗುಂಪಿನಲ್ಲಿ ಆಡದಿದ್ದರೂ ಒಬ್ಬರ ಎದುರಾದರೂ ಆಡಿ.

ಮೆಟ್ಟಿಲಲ್ಲ, ಲಾಳಿ

ದುಃಖಕ್ಕೆ ಐದು ಹಂತ ಎಂದು ಎಲ್ಲೋ ಓದಿರುತ್ತೀರಿ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಅದನ್ನು ಹೇಳಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಬಗ್ಗೆ. ಕಳೆದುಕೊಂಡವರೆಲ್ಲ ಆ ಮೆಟ್ಟಿಲು ಹತ್ತಲೇಬೇಕೆಂದಿಲ್ಲ.

ಇವತ್ತಿಗೆ ಹೆಚ್ಚು ಹೊಂದುವ ವಿವರಣೆ ನೆದರ್‌ಲೆಂಡ್ಸ್‌ನ ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟದ್ದು. ಮಗ್ಗದ ಲಾಳಿ ಈ ಕಡೆ ಆ ಕಡೆ ಓಡಿದ ಹಾಗೆ ಮನಸ್ಸು ಎರಡು ಕೆಲಸಗಳ ನಡುವೆ ಓಡುತ್ತದೆ. ಒಂದು ಕಡೆ ಕಳೆದುಕೊಂಡದ್ದನ್ನು ನೆನೆಯುವುದು, ಅಳುವುದು, ಫೋಟೋ ನೋಡುವುದು. ಇನ್ನೊಂದು ಕಡೆ ಗ್ಯಾಸ್ ಬುಕ್ ಮಾಡುವುದು, ಪರೀಕ್ಷೆಗೆ ಓದುವುದು, ಅವನು ನೋಡಿಕೊಳ್ಳುತ್ತಿದ್ದ ತೋಟದ ಮೋಟಾರು ಕಲಿಯುವುದು. ಬೆಳಿಗ್ಗೆ ನಕ್ಕು ಸಂಜೆ ಅತ್ತರೆ ತಲೆ ಕೆಟ್ಟಿಲ್ಲ. ಲಾಳಿ ಒಂದೇ ಕಡೆ ಸಿಕ್ಕಿಕೊಂಡರೆ ಮಾತ್ರ ತೊಂದರೆ: ದಿನವಿಡೀ ದುಃಖದಲ್ಲೇ, ಇಲ್ಲವೇ ದಿನವಿಡೀ ಕೆಲಸದಲ್ಲೇ. ಹಿರಿಯ ಮಕ್ಕಳಿಗೆ ಆಗುವುದು ಹೆಚ್ಚಾಗಿ ಈ ಎರಡನೆಯದು. "ಗಟ್ಟಿಯಾಗಿದಾನೆ ಹುಡುಗ" ಎಂದು ಎಲ್ಲರೂ ಹೊಗಳುತ್ತಾರೆ, ಅವನು ಎಂಟು ತಿಂಗಳ ಮೇಲೆ ಆಫೀಸಿನಲ್ಲಿ ಕುಸಿಯುತ್ತಾನೆ. ದಿನಕ್ಕೆ 20 ನಿಮಿಷ, ಒಂದೇ ಹೊತ್ತು, ಒಂದೇ ಜಾಗ, ಅಳುವುದಕ್ಕೋ ಬರೆಯುವುದಕ್ಕೋ ಎತ್ತಿಟ್ಟರೆ ಲಾಳಿ ಆ ಕಡೆಗೂ ಹೋಗಿ ಬರುತ್ತದೆ.

ಮೈಗೆ ಆಗುವುದು

ಮೊದಲ ವಾರಗಳಲ್ಲಿ ಹಸಿವು ಕಾಣುವುದಿಲ್ಲ. ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಗಂಜಿ, ಮೊಸರನ್ನ, ರಾಗಿ ಅಂಬಲಿ ಸಾಕು. ಪೂರ್ತಿ ಊಟಕ್ಕೆ ಒತ್ತಾಯ ಬೇಡ. ಗಮನ ನಿಲ್ಲುವುದಿಲ್ಲ, ಹಾಗಾಗಿ ಎರಡು ವಾರವಾದರೂ ಬೈಕು ನೀವೇ ಓಡಿಸಬೇಡಿ, ಜಮೀನು, ಹಣದ ಕಾಗದಕ್ಕೆ ಸಹಿ ಹಾಕಬೇಡಿ. ಕುಡಿದರೆ ನಿದ್ದೆ ಹತ್ತುತ್ತದೆ, ಆದರೆ ನಡುರಾತ್ರಿ ಒಡೆಯುತ್ತದೆ, ಆ ಹೊತ್ತಿನ ಯೋಚನೆಗಳೇ ಎಲ್ಲಕ್ಕಿಂತ ಕೆಟ್ಟವು. ಅಮ್ಮನಿಗೆ ಬರೆದುಕೊಟ್ಟ ನಿದ್ದೆ ಮಾತ್ರೆ ನೀವು ನುಂಗಬೇಡಿ. ಮನೆಯಲ್ಲಿರುವ ಮಾತ್ರೆ, ಕೀಟನಾಶಕದಂಥವನ್ನು ಬೀಗ ಹಾಕಿ ಹೊರಗಿನವರೊಬ್ಬರ ವಶಕ್ಕೆ ಕೊಡಿ. ಇದು ಇಡೀ ಮನೆಯ ರಕ್ಷಣೆಗೆ.

ದೇಹವನ್ನು ಮೊದಲು ಕಂಡವರಿಗೆ ಆ ದೃಶ್ಯ ಕರೆಯದೆ ಕಣ್ಣ ಮುಂದೆ ಬರುತ್ತದೆ. ಆಗ ಸುತ್ತ ಕಾಣುವ ಐದು ವಸ್ತುಗಳ ಹೆಸರು ಬಾಯಿಬಿಟ್ಟು ಹೇಳಿ, ನಾಲ್ಕನ್ನು ಮುಟ್ಟಿ, ಮೂರು ಸದ್ದು ಕೇಳಿಸಿಕೊಳ್ಳಿ. ಮನಸ್ಸು ಆ ಕೋಣೆಯಿಂದ ಈ ಕೋಣೆಗೆ ಬರುತ್ತದೆ. ಒಂದು ತಿಂಗಳು ದಾಟಿದರೂ ದೃಶ್ಯ ನಿಲ್ಲದೆ, ಆ ಜಾಗದ ಹತ್ತಿರ ಹೋಗಲೂ ಆಗದೆ, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಿದ್ದರೆ ಅದು ಆಘಾತದ ಕಾಯಿಲೆ ಇರಬಹುದು. ಅದಕ್ಕೆ ಬೇರೆಯದೇ ಚಿಕಿತ್ಸೆ ಇದೆ, ಕೆಲಸವೂ ಮಾಡುತ್ತದೆ.

ಜನ ಕೇಳಿದಾಗ

ಎಲ್ಲರಿಗೂ ಎಲ್ಲ ಹೇಳಬೇಕಿಲ್ಲ. ಮೂರು ಉತ್ತರಗಳನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ. ದೂರದವರಿಗೆ: "ತೀರಿಕೊಂಡ. ಅದರ ಬಗ್ಗೆ ಈಗ ಮಾತಾಡೋಕೆ ಆಗಲ್ಲ." ಪರಿಚಿತರಿಗೆ: "ಆತ್ಮಹತ್ಯೆಯಿಂದ ಹೋದ. ಹೇಗೆ ಅಂತ ಕೇಳಬೇಡಿ." ಹತ್ತಿರದವರಿಗೆ ನಿಮಗೆ ಬೇಕಾದಷ್ಟು. ಪೂರ್ತಿ ಸುಳ್ಳು ಹೇಳಿದರೆ ತೊಂದರೆ ಆಮೇಲೆ ಬರುತ್ತದೆ. ಯಾರಿಗೆ ಯಾವ ಕಥೆ ಹೇಳಿದೆವೆಂದು ಜೀವನಪೂರ್ತಿ ಲೆಕ್ಕ ಇಡಬೇಕಾಗುತ್ತದೆ.

ಕಷ್ಟದ ಪ್ರಶ್ನೆ ಬರುವುದು ತಿಂಗಳುಗಳ ಮೇಲೆ, ಯಾವುದೋ ಮದುವೆ ಛತ್ರದಲ್ಲಿ: "ನೀವೆಷ್ಟು ಜನ ಮಕ್ಕಳು?" ಒಬ್ಬಳೇ ಅಂದರೆ ಅಕ್ಕನನ್ನು ಅಳಿಸಿದ ಹಾಗೆ, ಇಬ್ಬರು ಅಂದರೆ "ಅವರೇನು ಮಾಡ್ತಾರೆ?" ಬರುತ್ತದೆ. "ನಾವಿಬ್ಬರು. ಅಕ್ಕ ಈಗಿಲ್ಲ" ಎಂಬಷ್ಟಕ್ಕೆ ಬಹುತೇಕರು ನಿಲ್ಲಿಸುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ "ಒಬ್ಬಳೇ" ಅಂದರೂ ಅದು ದ್ರೋಹವಲ್ಲ.

ಅಪ್ಪ ಅಮ್ಮ, ಪುಟ್ಟ ತಮ್ಮ ತಂಗಿ

ಅಪ್ಪ ಅಮ್ಮ ನಿಮ್ಮನ್ನು ಕಣ್ಣಿಂದ ಮರೆಯಾಗಲು ಬಿಡುವುದಿಲ್ಲ, ಬಾಗಿಲು ಹಾಕಿಕೊಂಡರೆ ಗಾಬರಿಯಾಗುತ್ತಾರೆ. ಜಗಳವಾಡುವ ಬದಲು ಒಪ್ಪಂದ ಮಾಡಿಕೊಳ್ಳಿ: ತಲುಪಿದ ಕೂಡಲೇ ಒಂದು ಮೆಸೇಜು, ರಾತ್ರಿ 9ಕ್ಕೆ ಒಂದು ಕರೆ. ಅವರನ್ನು ನೋಡಿಕೊಳ್ಳುವ ಕೆಲಸ ಚಿಕ್ಕಪ್ಪ, ಅತ್ತೆ, ಸೋದರಮಾವ ಯಾರಾದರೂ ವಾರಕ್ಕೆರಡು ದಿನ ವಹಿಸಿಕೊಳ್ಳಲಿ. "ಏನಾದ್ರೂ ಬೇಕಾದ್ರೆ ಹೇಳು" ಅನ್ನುವವರಿಗೆ ನೀವೇ ಕೆಲಸ ಹೇಳಿ: "ಭಾನುವಾರ ಅಮ್ಮನ ಜೊತೆ ಕೂತ್ಕೊಳ್ಳಿ ಮಾವ, ನಾನು ಮಲಗ್ತೀನಿ."

ಮನೆಯಲ್ಲಿ ಚಿಕ್ಕ ಮಗುವಿದ್ದರೆ "ಅಣ್ಣ ಊರಿಗೆ ಹೋಗಿದಾನೆ", "ಮಲಗಿದಾನೆ" ಅನ್ನಬೇಡಿ. ಮೊದಲನೆಯದಕ್ಕೆ ಮಗು ಕಾಯುತ್ತದೆ, ಎರಡನೆಯದಕ್ಕೆ ಮಲಗಲು ಹೆದರುತ್ತದೆ. "ಅಣ್ಣ ಸತ್ತುಹೋದ. ಅವನ ಮನಸ್ಸಿಗೆ ತುಂಬ ಕಾಯಿಲೆಯಾಗಿತ್ತು, ಆಗ ಸಹಾಯ ಕೇಳಬಹುದು ಅಂತ ಅವನಿಗೆ ಹೊಳೀಲಿಲ್ಲ. ನೀನು ಮಾಡಿದ್ದರಿಂದ ಆದದ್ದಲ್ಲ." ಕೊನೆಯ ವಾಕ್ಯ ಬಿಡಬೇಡಿ. ಪೆನ್ಸಿಲ್ ಕಿತ್ತುಕೊಂಡದ್ದರಿಂದ ಅಣ್ಣ ಸತ್ತ ಎಂದು ಆರು ವರ್ಷದ ಮಗು ನಂಬಬಲ್ಲದು. ಹೇಗೆ ಸತ್ತ ಎಂಬ ವಿವರ ಬೇಡ.

"ನಮ್ಮ ರಕ್ತದಲ್ಲೇ ಇದೆಯಾ?"

ಈ ಹೆದರಿಕೆ ಬಹಳ ಜನಕ್ಕಿದೆ, ಕೇಳುವವರು ಕಡಿಮೆ. ಕುಟುಂಬದಲ್ಲಿ ಆತ್ಮಹತ್ಯೆಯಾಗಿದ್ದರೆ ಉಳಿದವರಿಗೆ ಅಪಾಯ ಸ್ವಲ್ಪ ಹೆಚ್ಚು ಎಂಬುದು ನಿಜ. ಆದರೆ ಹುಟ್ಟಿನಿಂದ ಬರಬಹುದಾದದ್ದು ಖಿನ್ನತೆ, ಬೈಪೋಲಾರ್‌ನಂಥ ಕಾಯಿಲೆಗಳಿಗೆ ತುತ್ತಾಗುವ ಒಲವು. ಆತ್ಮಹತ್ಯೆಯೇ ವಂಶಪಾರಂಪರ್ಯವಾಗಿ ಇಳಿಯುವುದಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದವರು ಬೇಗ ರಕ್ತ ಪರೀಕ್ಷೆ ಮಾಡಿಸಿಕೊಳ್ಳುತ್ತಾರಲ್ಲ, ಹಾಗೆ ನೀವೂ ನಿದ್ದೆ, ಹಸಿವು, ಆಸಕ್ತಿ ಎರಡು ವಾರ ಕೆಟ್ಟರೆ ಕಾಯದೆ ವೈದ್ಯರಿಗೆ ತೋರಿಸಿ, ಮನೆಯಲ್ಲಿ ಹೀಗಾಗಿದೆ ಎಂಬುದನ್ನೂ ಹೇಳಿ.

ಎಲ್ಲಿಗೆ ಹೋಗಬೇಕು

ತೀರಿಕೊಂಡವರ ಬಳಿಗೇ ಹೋಗಿಬಿಡಬೇಕೆಂಬ ಯೋಚನೆ ಬಂದರೆ ಅದೇ ದಿನ ಸಹಾಯ ಕೇಳಿ. ದಿನದ ಕೆಲಸವೇ ಸಾಗದಿದ್ದರೆ ಎರಡು ವಾರದೊಳಗೆ. ಆರು ತಿಂಗಳ ಮೇಲೂ ಹಂಬಲ ಸ್ವಲ್ಪವೂ ಮೆತ್ತಗಾಗದೆ ಬದುಕು ಅಲ್ಲೇ ನಿಂತಿದ್ದರೆ ಅದಕ್ಕೆ ದೀರ್ಘಕಾಲದ ದುಃಖದ ಕಾಯಿಲೆ ಎಂಬ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ಸೇರಿದೆ.

ಟೆಲಿ ಮಾನಸ್ ಶುರುವಾದದ್ದು 2022ರ ಅಕ್ಟೋಬರ್ 10ರಂದು, ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. 14416ಕ್ಕೆ ಕರೆ ಮಾಡಿ ಕನ್ನಡ ಆರಿಸಿಕೊಂಡರೆ ಸಮಾಲೋಚಕರು ಸಿಗುತ್ತಾರೆ. ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದರೆ ಇಷ್ಟು ಸಾಕು: "ನನ್ನ ತಮ್ಮ ಆತ್ಮಹತ್ಯೆಯಿಂದ ತೀರಿಕೊಂಡ, ಮೂರು ವಾರವಾಯ್ತು, ನನಗೆ ನಿದ್ದೆ ಇಲ್ಲ." ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯಕ್ಕಾಗಿ ನಡೆಯುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಯಾವ ವಾರ ಇದೆಯೆಂದು ವಿಚಾರಿಸಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಜೀವಕ್ಕೆ ಅಪಾಯವೆನಿಸಿದರೆ ತುರ್ತು ಸಹಾಯದ 112ಕ್ಕೆ ಕರೆ ಮಾಡಿ. ಹೊರದೇಶದಲ್ಲಿರುವವರು ಅಮೆರಿಕದಲ್ಲಿ 988, ಬ್ರಿಟನ್ನಿನಲ್ಲಿ 116 123ಕ್ಕೆ ಕರೆ ಮಾಡಬಹುದು.

ಪಂಚಮಿ, ತಿಥಿ, ವಯಸ್ಸು

ಒಡಹುಟ್ಟಿದವರ ದುಃಖಕ್ಕೆ ಅದರದೇ ಪಂಚಾಂಗವಿದೆ. ನಾಗರ ಪಂಚಮಿಗೆ ಉತ್ತರ ಕರ್ನಾಟಕದಲ್ಲಿ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುತ್ತಾನೆ. ಬೇರೆ ಕಡೆ ಅಕ್ಕತಂಗಿಯರು ಅಣ್ಣತಮ್ಮಂದಿರ ಬೆನ್ನಿಗೆ ಹಾಲೆರೆಯುತ್ತಾರೆ. ಗೌರಿ ಹಬ್ಬಕ್ಕೆ ತವರಿಂದ ಬಾಗಿನ ಬರುತ್ತದೆ. ಅಪ್ಪ ಅಮ್ಮನಿಗೆ ಕಷ್ಟವಾಗುವ ದಿನಗಳು ಎಲ್ಲರಿಗೂ ನೆನಪಿರುತ್ತವೆ, ಇವು ಯಾರಿಗೂ ಇರುವುದಿಲ್ಲ. ಒಂದು ವಾರ ಮೊದಲೇ ಮನೆಯಲ್ಲಿ ಮಾತಾಡಿ: ಈ ಸಲ ಮಾಡುವುದೋ ಬಿಡುವುದೋ, ಕರೆಯಲು ಯಾರು ಬರುತ್ತಾರೆ, ಅವನ ಹೆಸರಿನಲ್ಲಿ ಒಂದು ಚಿಕ್ಕ ಕೆಲಸ ಏನು. ಕಡೇ ಗಳಿಗೆಯಲ್ಲಿ ಬೇಡವೆನಿಸಿದರೆ ಬಿಡುವ ಸ್ವಾತಂತ್ರ್ಯವೂ ಇರಲಿ.

ವರ್ಷದ ದಿನ ನಮ್ಮಲ್ಲಿ ಎರಡು ಸಲ ಬರುತ್ತದೆ, ತಿಥಿಯ ಪ್ರಕಾರ ಒಮ್ಮೆ, ತಾರೀಖಿನ ಪ್ರಕಾರ ಒಮ್ಮೆ. ನಡುವೆ ಹತ್ತು ದಿನದ ಅಂತರವೂ ಇರಬಹುದು. ಶ್ರಾದ್ಧ ಮುಗಿಯಿತು, ಇನ್ನೂ ಯಾಕೆ ಮೈ ಭಾರ ಎಂದು ಗೊತ್ತಾಗದೆ ಒದ್ದಾಡುವವರು ಕ್ಯಾಲೆಂಡರ್ ನೋಡಲಿ.

ಇನ್ನೊಂದು ದಿನ ಯಾವ ಪಂಚಾಂಗದಲ್ಲೂ ಇಲ್ಲ. ಅಣ್ಣ 27 ವರ್ಷ 4 ತಿಂಗಳಿಗೆ ಹೋಗಿದ್ದರೆ, ತಮ್ಮನಿಗೂ ಒಂದು ದಿನ 27 ವರ್ಷ 4 ತಿಂಗಳು ತುಂಬುತ್ತದೆ. ಆಮೇಲೆ ತಮ್ಮನೇ ದೊಡ್ಡವನು. ಆ ದಿನ ಎಷ್ಟೋ ಜನರನ್ನು ಎಚ್ಚರಿಕೆಯಿಲ್ಲದೆ ಬೀಳಿಸುತ್ತದೆ. ಲೆಕ್ಕ ಹಾಕಿ ತಾರೀಖನ್ನು ಗುರುತು ಮಾಡಿಡಿ, ಆ ವಾರ ರಜೆ ಸಿಗುವುದಾದರೆ ತೆಗೆದುಕೊಳ್ಳಿ, ಅಣ್ಣನನ್ನು ಬಲ್ಲ ಒಬ್ಬ ಗೆಳೆಯರಿಗೆ ಮೊದಲೇ ಹೇಳಿ ಆ ಸಂಜೆ ಮನೆಗೆ ಕರೆಯಿರಿ.